ಗೀಜಗದ ಪ್ರೊಫೆಸರರು

ಪುಣೆಯ ಕಾಲೇಜಿನಲ್ಲಿ ನಾನು ಪ್ರಾಣಿಶಾಸ್ತ್ರಕ್ಕೆ ಸೇರಿದಾಗ ತರಗತಿಯಲ್ಲಿ ಬೇರೆ ಹೆಣ್ಣುಮಕ್ಕಳಿರಲಿಲ್ಲ. ಯುದ್ಧದ ದಿನಗಳು. ನಮ್ಮ ತಂದೆ ಧಾರವಾಡದ ಕಡೆಯಿಂದ ಬಂದು ಇಲ್ಲಿ ಕಾರಕೂನರಾಗಿದ್ದರು. ಕಪ್ಪೆ ಕೊಯ್ಯುವ ವಿದ್ಯೆ ಮಗಳಿಗೇಕೆ ಎಂದು ನೆಂಟರು ಕೇಳಿದರೆ, ಅಲ್ಲಿಯ ಪ್ರೊಫೆಸರರು ನಮ್ಮ ಕಡೆಯವರೇ ಎಂದಷ್ಟೇ ಹೇಳುತ್ತಿದ್ದರು.

ಆ ಪ್ರೊಫೆಸರರು ಹಕ್ಕಿಗಳ ದನಿಯ ಅಭ್ಯಾಸಕ್ಕೆ ಹೆಸರಾದವರು. ಪಾಠದ ನಡುವೆ ಕಿಟಕಿಯಾಚೆ ಹಕ್ಕಿ ಕೂಗಿದರೆ, ಹಲಗೆಯಿಂದ ಮುಖ ತಿರುಗಿಸದೆ ಅದು ಯಾವುದು, ಏಕೆ ಕೂಗಿತು ಎಂದು ಹೇಳಿಬಿಡುತ್ತಿದ್ದರೆಂದು ಹಿರಿಯ ವಿದ್ಯಾರ್ಥಿಗಳಿಂದ ಕೇಳಿದ್ದೆ. ನಮ್ಮ ತರಗತಿಯಲ್ಲಿ ಹಾಗೆ ಒಮ್ಮೆಯೂ ಆಗಲಿಲ್ಲ. ನಾವು ಕೇಳಿದ್ದೊಂದಾದರೆ ಅವರು ಉತ್ತರಿಸುತ್ತಿದ್ದುದು ಇನ್ನೊಂದು. ಹುಡುಗರು ಅದನ್ನು ಅಹಂಕಾರವೆಂದುಕೊಂಡರು.

ಮಳೆಗಾಲದಲ್ಲಿ ನಮ್ಮನ್ನು ಬಿಬವೇವಾಡಿಯ ಹೊಲಗಳಿಗೆ ಕರೆದೊಯ್ದರು. ಆಗ ಅದು ಊರಾಚೆಯ ಹಳ್ಳಿ. ಬಾವಿಯ ಮೇಲೆ ಬಾಗಿದ ಜಾಲಿಮರದ ತುಂಬ ಗೀಜಗದ ಗೂಡುಗಳು. ರೆಕ್ಕೆ ಬಡಿಯುತ್ತ ಹೆಣ್ಣುಗಳನ್ನು ಕರೆಯುವ ಗಂಡುಹಕ್ಕಿಗಳ ಗದ್ದಲದಲ್ಲಿ ನಮ್ಮ ಮಾತು ನಮಗೇ ಕೇಳುತ್ತಿರಲಿಲ್ಲ. ಪ್ರೊಫೆಸರರು ಬಹಳ ಹೊತ್ತು ನೋಡುತ್ತ ನಿಂತು, ಪಕ್ಕದಲ್ಲಿದ್ದ ನನ್ನನ್ನು ಮೆಲ್ಲಗೆ ಕೇಳಿದರು.

“ಕೂಗ್ಲಿಕ್ಕೆ ಹತ್ಯಾವೇನವಾ?”

ಹೌದೆಂದು ತಲೆಯಾಡಿಸಿದೆ. ಅವರು ಅಲ್ಲಿಯೇ ಎಲ್ಲರನ್ನೂ ಹತ್ತಿರ ಕರೆದು, ಮರಾಠಿಯಲ್ಲಿ ಇದ್ದದ್ದನ್ನು ಇದ್ದಹಾಗೆ ಹೇಳಿದರು. ಕೆಲವು ವರ್ಷಗಳಿಂದ ಕಿವಿ ಮಂದವಾಗುತ್ತಿದೆ, ಮೊದಲು ಹೋದದ್ದೇ ಸಣ್ಣ ಹಕ್ಕಿಗಳ ದನಿ, ಡಾಕ್ಟರರು ಕೈಚೆಲ್ಲಿದ್ದಾರೆ. ಇನ್ನು ಮುಂದೆ ಪ್ರಶ್ನೆಯಿದ್ದವರು ಎದುರಿಗೆ ಬಂದು ನಿಂತು ಕೇಳಬೇಕು. ಅಹಂಕಾರವೆಂದಿದ್ದವರು ನೆಲ ನೋಡುತ್ತ ನಿಂತರು.

ಇಷ್ಟು ವರ್ಷದ ಅಭ್ಯಾಸದ ಗತಿಯೇನು ಎಂದು ಮರಳುವ ದಾರಿಯಲ್ಲಿ ನಾನು ಅವರ ಎದುರಿಗೆ ಬಂದು ಕೇಳಿದೆ.

“ಕಿವೀ ಕೆಲಸ ಮುಗೀತು. ಕಣ್ಣು ಇನ್ನೂ ಭಾಳ ಚಲೋ ಅದಾವ,” ಎಂದರು.

ಐವತ್ತರ ವಯಸ್ಸು ದಾಟಿದ ಮೇಲೆ ಅವರು ಹೊಸದಾಗಿ ಕಲಿಯಲು ಕುಳಿತರು. ಮಳೆಗಾಲ ಬಂತೆಂದರೆ ನಸುಕಿನಲ್ಲಿ ಸೈಕಲ್ ಏರಿ ಆ ಬಾವಿಗೆ ಹೊರಡುತ್ತಿದ್ದರು. ಹಕ್ಕಿಗಳನ್ನು ಬಲೆಯಲ್ಲಿ ಹಿಡಿದು, ಕಾಲಿಗೆ ಬಣ್ಣದ ದಾರ ಕಟ್ಟಿ ಬಿಟ್ಟು, ಒಂದೊಂದನ್ನೂ ಬೇರೆ ಬೇರೆಯಾಗಿ ಗುರುತಿಸತೊಡಗಿದರು. ಗಂಡು ಅರ್ಧ ನೇಯ್ದ ಗೂಡನ್ನು ಹೆಣ್ಣು ಬಂದು ಎಳೆದು ಪರೀಕ್ಷಿಸುತ್ತದೆ. ಅದು ಒಪ್ಪಿದರೆ ಮಾತ್ರ ಗಂಡು ಉಳಿದದ್ದನ್ನು ನೇಯುತ್ತದೆ. ಆ ಮೇಲೆ ಬೇರೆ ಗೂಡಿಗೆ ತೊಡಗಿ ಬೇರೆ ಹೆಣ್ಣನ್ನು ಕರೆಯುತ್ತದೆ. ಇದನ್ನೆಲ್ಲ ದಾರದ ಬಣ್ಣದಿಂದಲೇ ಖಚಿತ ಮಾಡಿಕೊಂಡರು. ಎಂ.ಎಸ್ಸಿ.ಗೆ ಅವರಲ್ಲಿಯೇ ಸೇರಿದ ನಾನು ಕೂಗುಗಳನ್ನು ಆಲಿಸಿ ಹೇಳುತ್ತಿದ್ದೆ. ಒಮ್ಮೆ ಪಕ್ಕದ ಹಕ್ಕಿಯ ಕೂಗನ್ನು ಇನ್ನೊಂದರದೆಂದು ಹೇಳಿದಾಗ, ನಾನು ಹೆಸರಿಸಿದ ಹಕ್ಕಿಯ ಗಂಟಲು ಅಲುಗಲೇ ಇಲ್ಲವೆಂದು ತಿದ್ದಿದರು.

ಈ ಕೆಲಸದ ಮೇಲೆ ಮುಂಬಯಿಯ ವಿದ್ವಾಂಸರ ಸಭೆಯಲ್ಲಿ ಅವರು ಪ್ರಬಂಧ ಓದಿದರು. ಮುಂದಿನ ಸಾಲಿನ ಹಿರಿಯರೊಬ್ಬರು ಎದ್ದು, ಹೆಣ್ಣು ಗೂಡನ್ನು ಒಪ್ಪಿದ ಮೇಲೆ ಗಂಡಿನ ಕೂಗು ಬದಲಾಗುತ್ತದೆಯೇ ಎಂದು ಕೇಳಿದರು. ಪ್ರೊಫೆಸರರು ಅವರ ತುಟಿಗಳನ್ನೇ ನೋಡಿ ಪ್ರಶ್ನೆ ಅರಿತುಕೊಂಡರು. ತಮಗೆ ಆ ದನಿ ಕೇಳಿಸುವುದಿಲ್ಲ, ಕೇಳಿಸಿಕೊಂಡವಳು ಇಲ್ಲಿಯೇ ಇದ್ದಾಳೆ ಎಂದು ತುಂಬಿದ ಸಭೆಗೆ ಇಂಗ್ಲಿಷಿನಲ್ಲಿ ಹೇಳಿ, ನನ್ನ ಕಡೆ ತಿರುಗಿದರು.

“ಏಳವಾ. ನೀ ಕೇಳಿದ್ದು ನೀನ ಹೇಳಬೇಕು.”

ಮೊದಲ ಒಂದೆರಡು ಮಾತನ್ನು ಅವರ ಮುಖ ನೋಡಿಯೇ ಆಡಿದೆ. ಆಮೇಲೆ ಪ್ರಶ್ನೆ ಕೇಳಿದವರ ಕಡೆ ತಿರುಗಿ, ಗೂಡು ಒಪ್ಪಿಗೆಯಾದ ಮೇಲೆ ಕೂಗು ಹೇಗೆ ಚಿಕ್ಕದಾಗುತ್ತದೆ ಎಂದು ವಿವರಿಸಿದೆ. ಅವರು ತಲೆದೂಗಿ ಕುಳಿತರು. ಪ್ರಬಂಧ ಅಚ್ಚಾಗಿ ಬಂದಾಗ ಪ್ರೊಫೆಸರರ ಹೆಸರಿನ ಜೊತೆ ನನ್ನ ಹೆಸರೂ ಇತ್ತು. ಆ ಬಗ್ಗೆ ಅವರು ನನಗೆ ಮುಂಚೆ ಏನೂ ಹೇಳಿರಲಿಲ್ಲ.

ದೇಶ ಸ್ವತಂತ್ರವಾದ ವರ್ಷ ಅವರು ನಿವೃತ್ತರಾದರು. ನನಗೆ ಅದೇ ವಿಭಾಗದಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿತು. ಅವರು ಪುಣೆಯ ದಕ್ಷಿಣಕ್ಕೆ, ಗುಡ್ಡಗಳ ನಡುವಿನ ಭೋರ್ ಎಂಬ ಊರಿನಲ್ಲಿ ಮನೆ ಮಾಡಿದರು. ಆ ಚಳಿಗಾಲದಲ್ಲಿ ನೋಡಲು ಹೋದಾಗ ಅವರ ಹೆಂಡತಿ ಚಹಾ ಕೊಟ್ಟು, “ಮುಂಜಾನೆನ ಗುಡ್ಡ ಹತ್ಯಾರ ನೋಡು. ಊಟಕ್ಕರೆ ಕರಕೊಂಡು ಬಾ,” ಎಂದರು.

ಗುಡ್ಡದ ಮೇಲಿನ ಬಂಡೆಯೊಂದರ ಮೇಲೆ ಅವರು ಬೋರಲು ಮಲಗಿ, ಎದುರಿನ ಗುಡ್ಡದ ಕಡಿದಾದ ಕಲ್ಲುಗೋಡೆಯಲ್ಲಿದ್ದ ಹದ್ದಿನ ಗೂಡು ನೋಡುತ್ತಿದ್ದರು. ನನ್ನನ್ನು ಕಂಡು ಪಕ್ಕಕ್ಕೆ ಸರಿದು ಜಾಗ ಮಾಡಿ, ದುರ್ಬೀನನ್ನು ನನ್ನ ಕೈಗಿತ್ತರು. ಊಟದ ಮಾತನ್ನು ನಾನು ಎತ್ತಿದ್ದು ಬಹಳ ಹೊತ್ತಾದ ಮೇಲೆ.