ಎರಡು ಹೇಳಿಕೆಗಳ ಗೋಡ್ಲೀವ್

ಬ್ರಸೆಲ್ಸ್‌ನ ನಮ್ಮ ಪರಿಸರ ಸಂಘದ ಕಚೇರಿಯಲ್ಲಿ ಗೋಡ್ಲೀವ್ ಅವರಿಗಿಂತ ಹಳೆಯದು ಒಂದೇ ಇದೆ, ಅವರ ಕೋಟು. ಅದರಲ್ಲಿ ಮೂಲ ಬಟ್ಟೆ ಯಾವುದು, ತೇಪೆ ಯಾವುದು ಎಂದು ಈಗ ಅವರಿಗೂ ಗೊತ್ತಿಲ್ಲ. ಕೆಟ್ಟ ಟೋಸ್ಟರ್ ಕಂಡರೆ ಬಿದ್ದ ಕೂಸನ್ನು ಎತ್ತುವವರಂತೆ ಓಡುತ್ತಾರೆ. ಒಳಗೆ ಸ್ಕ್ರೂ ಬದಲು ಅಂಟು ಕಂಡರೆ ತಯಾರಿಸಿದವನ ಜನ್ಮ ಜಾಲಾಡುತ್ತಾರೆ. "ಬಿಚ್ಚೋಕಾಗದ್ದನ್ನ ಮಾರೋಕೂ ಬಿಡಬಾರದು ಕಣ್ರೀ" ಎಂಬುದು ಅವರ ನಿತ್ಯದ ಜಪ. ಪಾರ್ಲಿಮೆಂಟಿನಲ್ಲಿ ಮತದಾನವಿದ್ದರೆ ಮುಂಚೆಯೇ ಪತ್ರಿಕೆಗಳಿಗೆ ಎರಡು ಹೇಳಿಕೆ ಬರೆದಿಡುತ್ತಾರೆ, ಗೆದ್ದರೊಂದು, ಸೋತರೊಂದು. ಕಾನೂನು ಯಾವಾಗಲೂ ಅರೆಜೀವವಾಗಿಯೇ ಹೊರಬರುತ್ತದೆ. ಆಗ ಎರಡನ್ನೂ ಕತ್ತರಿಸಿ, ಕೋಟಿನ ಹಾಗೆ, ಒಂದಾಗಿ ಹೊಲಿಯುತ್ತಾರೆ. "ಅಳಬೇಕಾ, ನಗಬೇಕಾ? ಯಾವುದಾದ್ರೂ ಒಂದು ಹೇಳಿ ತಾಯಿ" ಎಂದು ವರದಿಗಾರ ಯಾನಿಕ್ ಛೇಡಿಸಿದರೆ, "ಮೊದಲು ಕಾಫಿ ಕುಡಿ. ಲೋಟ ತಂದಿದ್ದೀಯಾ? ಬಿಸಾಡೋ ಲೋಟ ಇಲ್ಲಿಲ್ಲ, ಬೊಗಸೆ ಹಿಡಿ" ಎನ್ನುತ್ತಾರೆ. ಹೋದ ತಿಂಗಳು, ಅವರ ಎದೆಯೊಳಗೆ ಕೂತು ಹೃದಯ ನಡೆಸುವ ಪೇಸ್‌ಮೇಕರ್‌ನ ಬ್ಯಾಟರಿ ಮುಗಿಯುತ್ತ ಬಂತು. ಆಸ್ಪತ್ರೆಗೆ ನಾನೂ ಹೋಗಿದ್ದೆ. "ಬ್ಯಾಟರಿ ಮಾತ್ರ ಬದಲಿಸೋಕಾಗಲ್ಲ ಮೇಡಂ, ಪೂರ್ತಿ ಸೀಲ್ ಮಾಡಿರ್ತಾರೆ. ಯಂತ್ರಾನೇ ತೆಗೆದು ಹೊಸದು ಹಾಕ್ಬೇಕು" ಎಂದರು ಡಾಕ್ಟರು. ಗೋಡ್ಲೀವ್ ಜೋರಾಗಿ ನಕ್ಕರು, ಆಮೇಲೆ ಎದೆಯ ಮೇಲೆ ಕೈಯಿಟ್ಟುಕೊಂಡರು. "ನಮ್ಮ ದುರಸ್ತಿ ಕಾನೂನಿನ ಮತದಾನ ಮುಗೀಲಿ, ಮಾರನೇ ದಿನಾನೇ ಬರ್ತೀನಿ" ಎಂದರು. ಡಾಕ್ಟರು ಕೊಟ್ಟ ಗಡುವು ಈ ಶುಕ್ರವಾರಕ್ಕೆ ಮುಗಿಯುತ್ತದೆ. ಮತದಾನವನ್ನು ಇವತ್ತು ಬೆಳಿಗ್ಗೆ ಮತ್ತೆ ಮುಂದಕ್ಕೆ ಹಾಕಿದ್ದಾರೆ. ಗೋಡ್ಲೀವ್ ಕೋಟು ಹೊದ್ದುಕೊಂಡೇ ಕೂತು, ಎರಡೂ ಹೇಳಿಕೆಗಳ ತಾರೀಕು ತಿದ್ದುತ್ತಿದ್ದಾರೆ.