ಆರು ಡ್ರೈವರ್ ಎತ್ತರ

ಫ್ರಾನ್ಸಿನಿಂದ ಬಂದ ನಮ್ಮ ಪ್ರೊಫೆಸರ್ ನಿವೃತ್ತನಾದ ದಿನ ಬಂದವರೆಲ್ಲ ಆತನನ್ನು ಕಲ್ಲು ಮಣ್ಣಿನ ಮಾತು ಬಲ್ಲವನು ಎಂದು ಹೊಗಳಿದರು. ಲಂಡನ್ನಿನ ಈ ಭೂಗೋಳ ವಿಭಾಗದ ಕಚೇರಿಯಲ್ಲಿ ಒಂಬತ್ತು ವರ್ಷ ಆತನ ಟಿಕೆಟ್ಟು, ಹೋಟೆಲು ನೋಡಿಕೊಂಡವಳು ನಾನು. ಕಲ್ಲು ಮಣ್ಣಿನ ವಿಷಯ ನನಗೆ ತಿಳಿಯದು. ಎದುರಿಗಿದ್ದ ಮನುಷ್ಯರ ಮುಖ ಮಾತ್ರ ಆತನಿಗೆ ಎಂದೂ ಗುರುತು ಹತ್ತುತ್ತಿರಲಿಲ್ಲ.

ಆತ ಹೆಸರು ಮಾಡಿದ್ದು ನಮ್ಮ ಬೆಳಗಾವಿಯಾಚೆಯ ಘಟ್ಟದಂಚಿನಿಂದ. ಹರೆಯದಲ್ಲಿ ಮೂರು ಬೇಸಿಗೆ ಅಲ್ಲಿ ಅಲೆದು, ಜಂಬಿಟ್ಟಿಗೆ ಕಲ್ಲಿನ ಕೆಂಪು ಗೋಡೆಗಳು ಹೇಗೆ ಹುಟ್ಟಿದವು, ಎಷ್ಟೆಷ್ಟು ಎತ್ತರ ಎಂದು ತಲೆದಿಂಬಿನಷ್ಟು ದಪ್ಪದ ಪುಸ್ತಕ ಬರೆದ. ಕುರ್ಚಿ, ಪದಕ, ಹೌದಪ್ಪಗಳ ಹಿಂಡು ಎಲ್ಲ ಅದರಿಂದಲೇ ಬಂತು. ಆ ಮೂರು ಬೇಸಿಗೆಯೂ ಜೀಪು ಓಡಿಸಿದವರು ನಮ್ಮಪ್ಪ.

ನಾನು ಮದುವೆಯಾಗಿ ಲಂಡನ್ನಿನ ಅಂಚಿನ ಸಟನ್ನಿಗೆ ಬಂದಾಗ ಅಪ್ಪ ಫೋನಿನಲ್ಲಿ, "ನಮ್ಮ ಸಾಹೇಬ್ರು ಅಲ್ಲೇ ಅದಾರ. ಹೋಗಿ ಕಾಣು ತಂಗಿ, ನನ್ನ ಹೆಸರು ಹೇಳು" ಎಂದಿದ್ದರು. ಹೋಗಿ ಹೇಳಿದೆ. ಆತ ಗಡಿಯಾರ ನೋಡಿಕೊಂಡು "ಓ, ಹೌದಾ" ಎಂದ, ಅಷ್ಟೇ. ಆಮೇಲೆ ಅದೇ ಕಚೇರಿಯಲ್ಲಿ ಕೆಲಸ ಖಾಲಿಯಾದಾಗ ಎಲ್ಲರಂತೆ ಅರ್ಜಿ ಹಾಕಿ ಸೇರಿದೆ. ಅಪ್ಪನಿಗೆ ಮಾತ್ರ "ಸಾಹೇಬ್ರು ನಿಮ್ಮನ್ನ ಕೇಳಿದ್ರು" ಎಂದು ಸುಳ್ಳು ಹೇಳಿದೆ. ಒಂಬತ್ತು ವರ್ಷ ಹೇಳುತ್ತಲೇ ಬಂದೆ. ನಾಚಿಕೆಗೇಡು, ಆದರೆ ಹೇಳದಿರಲು ಮನಸ್ಸಾಗಲಿಲ್ಲ.

ಈ ಸಲ ಅಪ್ಪ ನಮ್ಮ ಮನೆಗೆ ಬಂದಿರುವಾಗಲೇ ಆತನ ವಿದಾಯ ಭಾಷಣ ಬಿತ್ತು. ಬಂದೇ ಬರುತ್ತೇನೆಂದು ಹಟ ಹಿಡಿದರು. ಬಿಳಿ ಅಂಗಿಗೆ ತಾವೇ ಇಸ್ತ್ರಿ ಮಾಡಿಕೊಂಡರು. ರೈಲಿನಲ್ಲಿ, "ಗುರ್ತ ಹಿಡೀತಾರೇನ ತಂಗಿ?" ಎಂದು ಮೂರು ಸಲ ಕೇಳಿದರು. ನಾನು ಕಿಟಕಿಯಾಚೆ ನೋಡುತ್ತ ಕುಳಿತೆ.

ಭಾಷಣದ ನಡುವೆ ಪರದೆಯ ಮೇಲೆ ಕೆಂಪು ಗೋಡೆಯೊಂದು ಬಂತು. ಅದರ ಬುಡದಲ್ಲಿ ಕೈ ಇಳಿಬಿಟ್ಟು ನಿಂತಿದ್ದರು ನಮ್ಮಪ್ಪ, ಕಪ್ಪು ಮೀಸೆಯ ಅಪ್ಪ.

"ಅವತ್ತು ಅಳತೆಯ ಟೇಪನ್ನು ಲಾಡ್ಜಿನಲ್ಲೇ ಮರೆತಿದ್ದೆ," ಎಂದ ಆತ. "ಡ್ರೈವರನನ್ನೇ ನಿಲ್ಲಿಸಿ ಲೆಕ್ಕ ಹಾಕಿದೆ. ಈ ಗೋಡೆ ಸರಿಯಾಗಿ ಆರು ಡ್ರೈವರ್ ಎತ್ತರ!"

ಸಭೆ ಗೊಳ್ಳೆಂದು ನಕ್ಕಿತು. ಇಂಗ್ಲಿಷ್ ತಿಳಿಯದ ಅಪ್ಪನೂ ಎಲ್ಲರೊಂದಿಗೆ ನಕ್ಕರು. ನನಗೆ ಮೈಯೆಲ್ಲ ಉರಿಯಿತು. ಎದ್ದು, "ಅವರು ನನ್ನ ತಂದೆ. ಇಲ್ಲೇ ಇದ್ದಾರೆ" ಎಂದೆ.

ಎಲ್ಲರೂ ತಿರುಗಿದರು. ಯಾರೂ ಹೇಳದಿದ್ದರೂ ಅಪ್ಪ ಎದ್ದು, ಚಿತ್ರದಲ್ಲಿದ್ದಂತೆಯೇ ಕೈ ಇಳಿಬಿಟ್ಟು ನೆಟ್ಟಗೆ ನಿಂತರು. ನಮ್ಮಪ್ಪ ಗಿಡ್ಡ, ನನ್ನ ಕಿವಿಯ ಮಟ್ಟಕ್ಕೆ ಬರುತ್ತಾರೆ. ಮುಪ್ಪಿಗೆ ಕುಗ್ಗಿದ್ದಾರೆ ಎಂದು ಸಮಾಧಾನ ಮಾಡಿಕೊಳ್ಳುವಷ್ಟು ಸಣ್ಣ ವ್ಯತ್ಯಾಸವಲ್ಲ ಆತನ ಲೆಕ್ಕಕ್ಕೂ ಅಪ್ಪನಿಗೂ ಇದ್ದದ್ದು. ಆರಡಿ ಮೀರಿದ ಆತ ಊರವರೆಲ್ಲ ತನ್ನಷ್ಟೇ ಉದ್ದವೆಂದುಕೊಂಡು ಪುಸ್ತಕದಲ್ಲಿ ಗೋಡೆಯ ಎತ್ತರ ಬರೆದಿದ್ದನೋ ಏನೋ, ಮಹಾಜ್ಞಾನಿಯ ಮುಖ ಪೆಚ್ಚಾಯಿತು. ಹಳೆಯ ಮನುಷ್ಯ ಸಿಕ್ಕ ಸಂತೋಷದ ಸುಳಿವೂ ಇರಲಿಲ್ಲ.

"ಇವರ ಎತ್ತರ ನಿಖರವಾಗಿ ಎಷ್ಟು?" ಎಂದು ಕೇಳಿದ.

ಅಪ್ಪ ನನ್ನ ಕಡೆ ಬಾಗಿದರು. "ಏನಂದ್ರ ಸಾಹೇಬ್ರು? ನನ್ನ ಹೆಸರು ನೆನಪೈತಂತೇನ?"

"ಹೂಂ ಅಪ್ಪಾ, ನೆನಪೈತಂತ. ಕೂಡ್ರಿ."

ಆಮೇಲೆ ಆತನಿಂದ ಮೂರು ಮೇಲ್ ಬಂದಿವೆ. ಪುಸ್ತಕದ ಹೊಸ ಆವೃತ್ತಿ ಅಚ್ಚಿಗೆ ಹೋಗಬೇಕಂತೆ, ಡ್ರೈವರನ ಎತ್ತರ ತುರ್ತಾಗಿ ಬೇಕಂತೆ. ನನಗೆ ಅದು ಸೆಂಟಿಮೀಟರ್ ಸಮೇತ ಗೊತ್ತು, ಹೋದ ತಿಂಗಳು ಅಪ್ಪನನ್ನು ಇಲ್ಲಿಯ ಡಾಕ್ಟರ ಹತ್ತಿರ ಕರೆದೊಯ್ದಾಗ ನರ್ಸ್ ಅಳೆದಿದ್ದಳು. ಮೂರೂ ಮೇಲ್‌ಗಳನ್ನು ಮತ್ತೆ ಮತ್ತೆ ಓದಿದೆ. ಅಪ್ಪನ ಹೆಸರೇನು ಎಂದು ಎಲ್ಲಿಯೂ ಕೇಳಿಲ್ಲ. ನಾನು ಉತ್ತರ ಬರೆದಿಲ್ಲ, ಬರೆಯುವುದೂ ಇಲ್ಲ.

ಅಪ್ಪ ಮಾತ್ರ ದಿನಾ ಸಂಜೆ ನಾನು ಬಾಗಿಲು ತೆಗೆಯುವುದನ್ನೇ ಕಾಯುತ್ತಾರೆ. "ಸಾಹೇಬ್ರು ಏನರ ಅಂದ್ರೇನ?"

"ನಿಮ್ಮನ್ನ ಕೇಳಿದ್ರಪಾ" ಎನ್ನುತ್ತೇನೆ. ಒಂಬತ್ತು ವರ್ಷದಲ್ಲಿ ಮೊದಲ ಸಲ ಅದು ನಿಜ.