ಅಕ್ಕಲಕೋಟೆಯ ಕೊಡ, ಸೊಲ್ಲಾಪುರದ ನಳ

ನಮ್ಮ ಮನೆತನದಲ್ಲಿ ನೀರಿನ ವಿಷಯಕ್ಕೆ ಪ್ರಮಾಣ ಪುರುಷ ಎಂದರೆ ನಾನೇ ಆಗಬೇಕಿತ್ತು. ಐವತ್ತರ ದಶಕದಲ್ಲಿ ಸೊಲ್ಲಾಪುರದ ಫಿಲ್ಟರ್ ಹೌಸಿನಲ್ಲಿ ನನ್ನ ನೌಕರಿ. ಕೆರೆಯ ನೀರು ಉಸುಕಿನ ಹಾಸಿನಲ್ಲಿ ಸೋಸಿ, ಕ್ಲೋರಿನ್ ಬೆರೆತು, ನಳದ ದಾರಿ ಹಿಡಿಯುವಾಗ ಅದರಲ್ಲಿ ಕ್ರಿಮಿ ಉಳಿದಿವೆಯೋ ಇಲ್ಲವೋ ನೋಡಿ ಹೇಳುವವನು ನಾನು. ಇಡೀ ಶಹರ ನನ್ನನ್ನು ನಂಬಿ ಕುಡಿಯುತ್ತಿತ್ತು, ನಮ್ಮ ಮಾವನವರೊಬ್ಬರನ್ನು ಬಿಟ್ಟು.

ಮಾವನವರ ಭಕ್ತಿಯೆಲ್ಲ ಅಕ್ಕಲಕೋಟೆಯಲ್ಲಿದ್ದ ಹಿರಿಯ ಅಳಿಯನ ಬಾವಿಯ ಮೇಲೆ. ಆತ ನನ್ನ ಸಡ್ಡಕ, ಎಂದರೆ ಹೆಂಡತಿಯ ಅಕ್ಕನ ಗಂಡ; ಕಿರಾಣಿ ಅಂಗಡಿಯವ. ಬಾವಿ ತೋಡಿಸಿದ್ದು ಆತನ ಅಜ್ಜ. ಆದರೂ ಆ ಸಿಹಿಯೆಲ್ಲ ಮೊಮ್ಮಗನ ಸದ್ಗುಣದಿಂದಲೇ ಒಸರುತ್ತದೆಂದು ಮಾವನವರ ಸಿದ್ಧಾಂತ.

ಹೊಟ್ಟೆ ಕೆಟ್ಟಿದೆಯೆಂದು ಡಾಕ್ಟರರಿಗೆ ತೋರಿಸಲು ಅವರು ಒಮ್ಮೆ ಅಲ್ಲಿಂದ ನಮ್ಮ ಮನೆಗೆ ಬಂದರು. ಜೊತೆಗೆ ಬಾಯಿಗೆ ಬಟ್ಟೆ ಕಟ್ಟಿದ, ಕಲಾಯಿ ಹಾಕಿದ ಒಂದು ಕೊಡ ಬಾವಿನೀರೂ ಬಂತು. ಅದು ಖಾಲಿಯಾಗುವಷ್ಟರಲ್ಲಿ ಬಸ್ಸಿನಲ್ಲಿ ಇನ್ನೊಂದು. ಸೈಕಲ್ ಮೇಲೆ ಸ್ಟ್ಯಾಂಡಿಗೆ ಹೋಗಿ ವೈರಿಯ ನೀರನ್ನು ನಾನೇ ಹೊತ್ತು ತರಬೇಕು.

"ಮಾವಾರ, ಒಂದ ಗ್ಲಾಸ ನಮ್ಮ ನಳದ ನೀರ ಕುಡದ ನೋಡ್ರಿ."

"ಬ್ಯಾಡ್ರಿ ಅಳ್ಯಾರ. ದವಾಖಾನಿ ವಾಸನಿ ಬರ್ತೈತಿ. ನೀರ ಕುಡದಂಗ ಆಗೂದಿಲ್ಲ, ಸೂಜಿ ಚುಚ್ಚಿಸ್ಕೊಂಡಂಗ ಆಗ್ತೈತಿ."

ನಾನು ವಿಜ್ಞಾನದ ಮೊರೆ ಹೋದೆ. ಕೊಡದ ನೀರು ಒಂದು ಬಾಟ್ಲಿ, ಪಕ್ಷಪಾತದ ಮಾತು ಬರಬಾರದೆಂದು ನಮ್ಮ ಮನೆಯ ನಳದ್ದೊಂದು ಬಾಟ್ಲಿ ಕೆಲಸಕ್ಕೆ ಒಯ್ದೆ. ನೇರಳೆ ಬಣ್ಣದ ರಸ ತುಂಬಿದ ಗಾಜಿನ ನಳಿಗೆ, ಅದರೊಳಗೆ ಬೋರಲು ಹಾಕಿದ ಪುಟ್ಟ ನಳಿಗೆ. ನೀರಿನಲ್ಲಿ ಹೊಲಸಿನ ಕ್ರಿಮಿಯಿದ್ದರೆ ಎರಡು ದಿನದಲ್ಲಿ ಪುಟ್ಟ ನಳಿಗೆಯ ನೆತ್ತಿಯಲ್ಲಿ ಗಾಳಿಯ ಗುಳ್ಳೆ ಕೂರುತ್ತದೆ. ಬಸುರಿ ಮಗಳ ಸುದ್ದಿಗೆ ಕಾಯುವ ತಾಯಿಯಂತೆ ನಾನು ಆ ಗುಳ್ಳೆಗೆ ಕಾದೆ.

ಅಕ್ಕಲಕೋಟೆಯ ನೀರಿನಲ್ಲಿ ಗುಳ್ಳೆ ಎದ್ದಿತ್ತು! ಪೇಢೆ ಹಂಚಬೇಕೆನಿಸಿತು. ಆಮೇಲೆ ಪಕ್ಕದ್ದನ್ನು ನೋಡಿದೆ. ನಮ್ಮ ಮನೆಯ ನಳದ್ದರಲ್ಲೂ ಗುಳ್ಳೆ, ಇನ್ನಿಷ್ಟು ದುಂಡಗೆ.

ಫಿಲ್ಟರ್ ಹೌಸಿನಿಂದ ಹೊರಟ ನೀರು ಅವತ್ತು ನಿರ್ಮಲವಾಗಿತ್ತು. ಹಾಗಾದರೆ? ಮನೆಗೆ ಓಡಿ ನಳ ನೋಡಿದೆ. ನಮ್ಮ ಓಣಿಯ ಎಲ್ಲ ನಳಗಳಂತೆ ಅದರ ಬಾಯಿಗೂ ಸೋಸಲೆಂದು ಬಟ್ಟೆ ಕಟ್ಟಿತ್ತು. ಹಗಲಿರುಳು ತೊಯ್ದು, ಎಲ್ಲರ ಕೈ ಹತ್ತಿ, ಲೋಳೆಗಟ್ಟಿದ ತುಂಡು.

"ಇದನ್ನ ಮದಲ ಬಿಚ್ಚ," ಎಂದೆ ಹೆಂಡತಿಗೆ.

"ಅಪ್ಪನ ಧೋತರದ ತುಂಡ ಐತ್ರಿ ಅದು. ನಾವರ ಸೋಸಿದ್ದ ಕುಡೀಲಿ ಅಂತ ಬಂದ ದಿನಾನ ತನ್ನ ಕೈಲೆ ಕಟ್ಟ್ಯಾನ. ಬಿಚ್ಚಿದ್ರ ಏನ ತಿಳ್ಕೊಂತಾನ?"

ಬಾವಿಯನ್ನು ಬೈದರೆ ನಳದ ಮಾತು ಬರುತ್ತದೆ, ನಳದ ಮಾತು ಬಂದರೆ ಧೋತರದ್ದು. ಎರಡೂ ನೀರನ್ನು ಕುದಿಸಿ ಕೊಡು ಎಂದಷ್ಟೇ ಹೆಂಡತಿಗೆ ಹೇಳಿದೆ.

ಅಷ್ಟರಲ್ಲಿ ಮಳೆ ಹಿಡಿಯಿತು. ಹಳ್ಳ ತುಂಬಿ ಅಕ್ಕಲಕೋಟೆಯ ಬಸ್ಸು ವಾರವಿಡೀ ಬರಲಿಲ್ಲ. ಹೆಂಡತಿ ಅಪ್ಪನಿಗೆ ಹೇಳದೆ ನಳದ ನೀರನ್ನೇ ಕುದಿಸಿ, ಆರಿಸಿ, ಅದೇ ಕೊಡಕ್ಕೆ ಸುರಿದಿಟ್ಟಳು. ಕುದಿತಕ್ಕೆ ದವಾಖಾನೆಯ ವಾಸನೆ ಹಾರಿಹೋಗಿತ್ತು. ಮಾವನವರ ಹೊಟ್ಟೆ ತಹಬಂದಿಗೆ ಬಂತು.

"ನೋಡ್ರಿ ಅಳ್ಯಾರ," ಅವರು ಗ್ಲಾಸನ್ನು ಎತ್ತಿ ಹಿಡಿದರು, "ನೀರಂದ್ರ ಹಿಂಗಿರಬೇಕು. ಕುದಿಸಿದ್ರೂ ಸಿಹಿ ಬಿಟ್ಟಿಲ್ಲ. ನನ್ನ ಹೊಟ್ಟಿ ನಿಂದ್ರಿಸಿದ್ದು ಡಾಕ್ಟರ್ ಅಲ್ಲ, ದೊಡ್ಡ ಅಳಿಯನ ಬಾವಿ."

ನನ್ನ ಬಾಯಿ ತೆರೆಯಿತು. ಅಡುಗೆಮನೆಯ ಬಾಗಿಲಲ್ಲಿ ಹೆಂಡತಿ ಕಣ್ಣು ಕೆಕ್ಕರಿಸಿದಳು. ನಿಜ ಹೇಳಿದರೆ ಗ್ಲಾಸು ಕೆಳಗಿಳಿಯುತ್ತದೆ, ಹೊಟ್ಟೆ ಮತ್ತೆ ಕೆಡುತ್ತದೆ.

"ಹೌದ್ರಿ ಮಾವಾರ," ಎಂದೆ.

"ನಿಮ್ಮ ಫಿಲ್ಟರ್ ಹೌಸಿನ್ಯಾಗೂ ಇಂಥಾ ನೀರ ಮಾಡಾಕ ಬರ್ತೈತೇನು, ಒಮ್ಮಿ ದೊಡ್ಡ ಅಳಿಯನ್ನ ಕೇಳಿ ನೋಡ್ರಿ," ಎಂದು ಖಾಲಿ ಗ್ಲಾಸು ನನ್ನತ್ತ ಚಾಚಿದರು. ನಾನು ಕೊಡ ಬಗ್ಗಿಸಿ ಇನ್ನೊಮ್ಮೆ ತುಂಬಿಸಿಕೊಟ್ಟೆ.